ಗೋಪುರದಿಂದ ಜಗಲಿಗೆ

ಕೊಡಗಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಕುಟ್ಟಕ್ಕೆ ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ವಯನಾಡು. ಇಂತಹ ಬೆಟ್ಟದ ಸೀಮೆಯಲ್ಲಿ ಮೊಬೈಲ್ ಗೋಪುರದ ಅಲೆಗಳು ಗುಡ್ಡಕ್ಕೆ ತಡೆದು, ತೋಟದ ಮರಗಳ ನಡುವೆ ಸೊರಗಿ, ಮನೆಯೊಳಕ್ಕೆ ಬರುವ ವೇಳೆಗೆ ಕ್ಷೀಣವಾಗುವುದುಂಟು. ಆಗ ತಂತಿಯ ಸಂಪರ್ಕವುಳ್ಳವರು ಜಗಲಿಯ ವೈಫೈಯನ್ನು ಆಶ್ರಯಿಸುತ್ತಾರೆ. ಹೀಗೆ ಗೋಪುರವನ್ನು ಬಿಟ್ಟು ವೈಫೈಗೆ ದಾಟುವುದು ಇಂದು ಸಹಜವೆನಿಸಿದೆ. ಆದರೆ ದಾಟುವ ಕಾಲುಸಂಕ ಗಟ್ಟಿಯಾಗಿರಬೇಕಷ್ಟೆ? ಅದನ್ನು ಗಟ್ಟಿಮಾಡಿದ ಕಥೆ ತಿಳಿಯತಕ್ಕದ್ದು.

ಮನೆಯ ರೇಡಿಯೋ ಪೆಟ್ಟಿಗೆಗೂ ಅಂಚೆ ಕಛೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಆಕಾಶದ ಅಲೆಗಳೆಲ್ಲ ಅಪ್ಪಣೆಗೆ ಒಳಪಟ್ಟಿದ್ದವು. 1985ರಲ್ಲಿ ಅಮೆರಿಕವು ಕೆಲವು ಅಲೆಪಟ್ಟಿಗಳನ್ನು ಅಲ್ಪಶಕ್ತಿಯ ಯಂತ್ರಗಳ ಸಂಪರ್ಕಕ್ಕೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿತು. ಆ ಬಯಲಿನಲ್ಲಿ ಬೆಳೆದುದೇ ವೈಫೈ. ಅದರ ಮೊದಲ ಕಟ್ಟಳೆ 1997ರಲ್ಲಿ ಹೊರಬಿತ್ತು. ಭಾರತದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಇಂತಹುದೇ ವಿನಾಯಿತಿ ದೊರೆಯಿತು.

2007ರ ಬಳಿಕ ಸ್ಮಾರ್ಟ್‌ಫೋನುಗಳು ಹಬ್ಬಿದಂತೆ ಗೋಪುರಗಳ ಹೊರೆ ಮಿತಿಮೀರಿತು. 2010ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಎಟಿ ಅಂಡ್ ಟಿ ಕಂಪೆನಿಯು ವೈಫೈ ಸ್ಥಾಪಿಸಿ, ಜನಜಂಗುಳಿಯ ಹೊರೆಯಲ್ಲಿ ಒಂದು ಪಾಲನ್ನು ಅದಕ್ಕೆ ಇಳಿಸಲು ಮುಂದಾಯಿತು. ಹೊರೆಯನ್ನು ಇಳಿಸುವ ದಾರಿ ತೋರಿತು. ಭಯ ಮಾತ್ರ ಉಳಿಯಿತು. ವೈಫೈಯ ಮೊದಲ ಬೀಗವಾದ ವೆಪ್ ಎಂಬುದರ ದೌರ್ಬಲ್ಯವನ್ನು 2001ರಲ್ಲಿಯೇ ವಿದ್ವಾಂಸರು ಬಯಲಿಗೆಳೆದಿದ್ದರು. 2004ರಲ್ಲಿ ಡಬ್ಲ್ಯುಪಿಎ-2 ಎಂಬ ಬಲವಾದ ಬೀಗ ಬಂದಿತು. 2017ರಲ್ಲಿ ಅದರಲ್ಲಿಯೂ ಒಂದು ಬಿರುಕು ಕಂಡಿತು. ಮರುವರ್ಷವೇ ಮೂರನೆಯದು ಸಿದ್ಧವಾಯಿತು.

ಬೀಗ ಭದ್ರವಾದ ಮಾತ್ರಕ್ಕೆ ಮನೆ ನಮ್ಮದೆಂದು ಹೇಳಬಹುದೆ? ವೈಫೈಗೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು. ಅಂಕಿತವೊಂದನ್ನೇ ನೆಚ್ಚಿ ಯಾವ ಪದವನ್ನೂ ದಾಸರದೆಂದು ಒಪ್ಪಲಾಗದಷ್ಟೆ, ಇಲ್ಲಿಯೂ ಹಾಗೆಯೇ. ಮೊಬೈಲಿನ ಎರಡನೆಯ ತಲೆಮಾರಿನಲ್ಲಿಯೂ ಇದೇ ಕೊರತೆಯಿತ್ತು. ಫೋನು ತನ್ನ ಸಿಮ್ಮಿನಿಂದ ಗೋಪುರಕ್ಕೆ ಗುರುತು ಹೇಳುತ್ತಿತ್ತು. ಗೋಪುರವು ಫೋನಿಗೆ ಗುರುತು ಹೇಳಬೇಕಾಗಿರಲಿಲ್ಲ. ಮೂರನೆಯ ತಲೆಮಾರಿನಲ್ಲಿ ಗುರುತು ಎರಡೂ ಕಡೆಯಿಂದ ನಡೆಯುವಂತಾಯಿತು. ಅಶೋಕವನದಲ್ಲಿ ಸೀತೆಯು ಹನುಮಂತನನ್ನು ಕಂಡು, ರಾವಣನೇ ವೇಷ ಮರೆಸಿ ಬಂದನೆಂದು ಶಂಕಿಸಿದಳು. ರಾಮನ ಮುದ್ರೆಯುಂಗುರ ಅವಳಿಗೆ ನಂಬಿಕೆ ತಂದಿತು. ಅವಳ ಚೂಡಾಮಣಿ ರಾಮನಿಗೆ ನಂಬಿಕೆ ತಂದಿತು. ಎರಡು ಕುರುಹುಗಳೂ ಬೇಕಾದವು.

ಈ ಎರಡು ಕುರುಹುಗಳ ನ್ಯಾಯವನ್ನು ವೈಫೈಗೂ ತಂದುದು ಮುಂದಿನ ಹೆಜ್ಜೆ. ಸಿಮ್ಮಿನೊಳಗಿನ ಗುಟ್ಟಿನಿಂದಲೇ ವೈಫೈ ಪ್ರವೇಶಿಸುವ ವಿಧಾನಗಳು 2006ರಲ್ಲಿ ಪ್ರಕಟವಾದವು. 2012ರಲ್ಲಿ ಪಾಸ್‌ಪಾಯಿಂಟ್ ಎಂಬ ಪದ್ಧತಿ ಬಂದು, ಫೋನು ತಾನಾಗಿ ನಂಬಿಕೆಯ ಬಾಗಿಲನ್ನು ಗುರುತಿಸಿ ಒಳಹೊಗುವುದು ಸಾಧ್ಯವಾಯಿತು. ನಮ್ಮ ದೇಶದಲ್ಲಿ 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಮೂಲಕ ಕರೆಮಾಡುವ ಸೌಕರ್ಯವನ್ನು ಆರಂಭಿಸಿದವು. ಇಂತಹ ಕರೆಯಲ್ಲಿ ಫೋನಿನಿಂದ ಕಂಪೆನಿಯ ದ್ವಾರದವರೆಗೆ ಗೂಢಲಿಪಿಯ ಸುರಂಗವೊಂದು ಏರ್ಪಡುತ್ತದೆ; ನಡುವಣ ವೈಫೈ ಯಾರದ್ದಾದರೂ ಮಾತು ಅವರಿಗೆ ಕೇಳಿಸದು. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟವು ಪಿಎಂ-ವಾಣಿ ಯೋಜನೆಗೆ ಒಪ್ಪಿಗೆಯಿತ್ತಿತು. ಅದರಂತೆ ಸಣ್ಣ ಅಂಗಡಿಯವನೂ ಲೈಸೆನ್ಸಿಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು. ಗೋಪುರ ಎಟುಕದ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೂ ಎಚ್ಚರ ಬೇಕು. ಕರೆಯ ಸುರಂಗ ಕರೆಗೆ ಮಾತ್ರ ಕಾವಲು. ಅದೇ ಫೋನಿನಲ್ಲಿ ನಡೆಯುವ ಹಣದ ವ್ಯವಹಾರಕ್ಕೆ ಆಯಾ ಬ್ಯಾಂಕಿನ ಗೂಢಲಿಪಿಯೂ ನಮ್ಮ ವಿವೇಚನೆಯೂ ಕಾವಲಾಗಬೇಕು. ಕಾಫಿ ಮಾರಿದ ವರ್ಷದ ದುಡಿಮೆಯೆಲ್ಲ ಇಂದು ಆ ಪುಟ್ಟ ಯಂತ್ರದ ಹಿಂದೆ ನಿಂತಿದೆ. ಪೇಟೆಯಲ್ಲಿ ಬೀಗವಿಲ್ಲದ ವೈಫೈ ಕಂಡಾಗ ಹಣದ ಕೆಲಸಕ್ಕೆ ಕೈಹಾಕದಿರುವುದು, ಮನೆಯ ವೈಫೈಗೆ ಉದ್ದನೆಯ ಗುಪ್ತಪದವಿಟ್ಟು ಹಳೆಯ ವೆಪ್ ಬೀಗವನ್ನು ತೊರೆಯುವುದು ಲೇಸು. ಅಪರಿಚಿತನು ಬಾಗಿಲು ತಟ್ಟಿದರೆ ಯಾರೆಂದು ಕೇಳುತ್ತೇವೆ. ತೆರೆದ ಬಾಗಿಲು ನಮ್ಮನ್ನು ಕರೆದಾಗಲೂ ಯಾರ ಮನೆಯೆಂದು ಕೇಳುವುದನ್ನು ಕಲಿಯಬೇಕಾಗಿದೆ.