ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ತಪಾಸಣೆ: ಇತಿಹಾಸ

ಬಿದ್ದ ಗಾಯ, ಸುಟ್ಟ ಗಾಯ, ಜ್ವರ, ವಾಂತಿ ಎಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ಮಕ್ಕಳಲ್ಲಿ ಯಾರಾದರೂ ಹೊಡೆತಕ್ಕೋ ಲೈಂಗಿಕ ದೌರ್ಜನ್ಯಕ್ಕೋ ಪೋಷಕರ ನಿರ್ಲಕ್ಷ್ಯಕ್ಕೋ ಗುರಿಯಾಗಿರಬಹುದೇ ಎಂದು ನಿಗದಿತ ಪ್ರಶ್ನೆಗಳು ಮತ್ತು ದೇಹ ಪರೀಕ್ಷೆಯ ಮೂಲಕ ಗುರುತಿಸುವ ಕ್ರಮ ಇದು. ಯಾರು ಮಾಡಿದರು ಎಂದು ತೀರ್ಮಾನಿಸುವ ಕೆಲಸ ಇದರದ್ದಲ್ಲ. ಯಾವ ಮಗುವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು ಎಂದು ತಿಳಿಸಿದರೆ ತಪಾಸಣೆಯ ಪಾತ್ರ ಮುಗಿಯುತ್ತದೆ. 19ನೆಯ ಶತಮಾನದಲ್ಲೇ ವೈದ್ಯರು ಈ ದೌರ್ಜನ್ಯವನ್ನು ದಾಖಲಿಸಿದ್ದರೂ, ಬರುವ ಪ್ರತಿ ಮಗುವಿನ ವಿಷಯದಲ್ಲೂ ಒಂದೇ ರೀತಿಯ ಪ್ರಶ್ನೆ ಕೇಳುವ ಪದ್ಧತಿ ಬಲಗೊಂಡದ್ದು 21ನೆಯ ಶತಮಾನದಲ್ಲಿ.

ಆರಂಭದ ದಾಖಲೆಗಳು

ಪ್ಯಾರಿಸ್‌ನ ನ್ಯಾಯವೈದ್ಯ ಆಂಬ್ರೂವಾಜ್ ತಾರ್ದ್ಯೂ 1860ರಲ್ಲಿ ಹಿಂಸೆಗೆ ಒಳಗಾದ 32 ಮಕ್ಕಳ ಪ್ರಕರಣಗಳನ್ನು ಪ್ರಕಟಿಸಿದ. ಮಕ್ಕಳನ್ನು ಹಿಂಸಿಸಿದವರಲ್ಲಿ ಹೆತ್ತವರೇ ಹೆಚ್ಚು ಎಂಬ ಅವನ ಮಾತನ್ನು ಅಂದಿನ ವೈದ್ಯಲೋಕ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಷಯ ಮತ್ತೆ ಮೇಲೆದ್ದದ್ದು ಎಕ್ಸ್‌ರೇ ಕೋಣೆಯಿಂದ. ನ್ಯೂಯಾರ್ಕ್‌ನ ಮಕ್ಕಳ ವಿಕಿರಣ ತಜ್ಞ ಜಾನ್ ಕ್ಯಾಫಿ 1946ರಲ್ಲಿ ಆರು ಶಿಶುಗಳ ಬಗ್ಗೆ ಬರೆದರು. ಎಲ್ಲರ ಮಿದುಳಿನ ಹೊದಿಕೆಯ ಕೆಳಗೂ ರಕ್ತ ಕಟ್ಟಿತ್ತು, ಕೈಕಾಲುಗಳ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಅವಕ್ಕೆ ಕಾರಣವಾಗುವಂಥ ಪೆಟ್ಟು ಬಿದ್ದದ್ದನ್ನು ಮನೆಯವರು ಯಾರೂ ಹೇಳಿರಲಿಲ್ಲ. ಆದರೂ ಕ್ಯಾಫಿ ಆ ಬರಹದಲ್ಲಿ ಹೆತ್ತವರತ್ತ ನೇರವಾಗಿ ಬೊಟ್ಟು ಮಾಡಲಿಲ್ಲ.

ಆ ಹಿಂಜರಿಕೆ ಮುರಿದದ್ದು 1962ರಲ್ಲಿ. ಡೆನ್ವರ್‌ನ ಮಕ್ಕಳ ತಜ್ಞ ಸಿ. ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 'ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್' ಎಂಬ ಲೇಖನ ಪ್ರಕಟಿಸಿದರು. 71 ಆಸ್ಪತ್ರೆಗಳಲ್ಲಿ ಒಂದು ವರ್ಷದಲ್ಲಿ ಅವರಿಗೆ ಸಿಕ್ಕ ಪ್ರಕರಣಗಳು 302. ಅವರಲ್ಲಿ 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಗಾಯಕ್ಕೂ ಮನೆಯವರು ಹೇಳುವ ಕಾರಣಕ್ಕೂ ತಾಳೆಯಾಗದಿರುವುದೇ ಮುಖ್ಯ ಸುಳಿವು ಎಂದು ಕೆಂಪೆ ಹೇಳಿದರು. ಮುಂದೆ ಬಂದ ಬಹುತೇಕ ಪ್ರಶ್ನಾವಳಿಗಳ ಬೇರು ಈ ಮಾತಿನಲ್ಲಿದೆ.

ಲೇಖನದ ಪರಿಣಾಮ ತಕ್ಷಣ ಕಾಣಿಸಿತು. 1967ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳೂ ಇಂಥ ಅನುಮಾನವನ್ನು ವರದಿ ಮಾಡುವ ಬಗ್ಗೆ ಕಾನೂನು ತಂದವು. 1974ರಲ್ಲಿ ಒಕ್ಕೂಟ ಸರ್ಕಾರದ ಕಾಯ್ದೆಯೂ ಬಂತು. ಹೀಗೆ ವರದಿ ಮಾಡುವ ಹೊಣೆ ವೈದ್ಯರ ಹೆಗಲೇರಿತು. ಆದರೆ ತುಂಬಿ ತುಳುಕುವ ತುರ್ತು ವಿಭಾಗದಲ್ಲಿ ಯಾವ ಮಗುವನ್ನು ಅನುಮಾನಿಸಬೇಕು ಎಂಬುದು ಆಯಾ ವೈದ್ಯರ ಅನುಭವಕ್ಕೇ ಬಿಟ್ಟ ವಿಷಯವಾಗಿ ಉಳಿಯಿತು.

ಕಣ್ತಪ್ಪಿದ ಮಕ್ಕಳು

ಅನುಭವವನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದನ್ನು 1999ರಲ್ಲಿ ಅಮೆರಿಕದ ಮಕ್ಕಳ ತಜ್ಞೆ ಕ್ಯಾರೊಲ್ ಜೆನ್ನಿ ಮತ್ತು ಸಂಗಡಿಗರು ಅಂಕಿಗಳಲ್ಲಿ ತೋರಿಸಿದರು. ಹಿಂಸೆಯಿಂದ ತಲೆಗೆ ಪೆಟ್ಟಾದ 173 ಎಳೆಯ ಮಕ್ಕಳಲ್ಲಿ 54 ಮಂದಿಯನ್ನು ವೈದ್ಯರು ಮೊದಲೇ ನೋಡಿದ್ದರು, ಆದರೆ ಕಾರಣ ಹೊಳೆದಿರಲಿಲ್ಲ. ಮಗು ಬಿಳಿಯರದ್ದಾಗಿದ್ದರೆ, ತಂದೆ ತಾಯಿ ಒಟ್ಟಿಗೆ ಬಾಳುತ್ತಿದ್ದರೆ ಹೀಗೆ ತಪ್ಪಿಹೋಗುವ ಸಾಧ್ಯತೆ ಹೆಚ್ಚಿತ್ತು. 2013ರ ಇನ್ನೊಂದು ಅಧ್ಯಯನದಲ್ಲಿ, ದೌರ್ಜನ್ಯ ಖಚಿತವಾದ 200 ಶಿಶುಗಳಲ್ಲಿ ಶೇ 27.5ರಷ್ಟು ಶಿಶುಗಳಿಗೆ ಮೊದಲೇ ಸಣ್ಣಪುಟ್ಟ ಅನುಮಾನಾಸ್ಪದ ಗಾಯಗಳಾಗಿದ್ದವು ಎಂದು ಕಂಡುಬಂತು. ತುಟಿಯೊಳಗೆ ಹರಿದ ಗಾಯ, ಕೆನ್ನೆಯ ಮೇಲಿನ ಪೆಟ್ಟಿನ ಕಲೆ ಇಂಥವು ತಾವಾಗಿಯೇ ಮಾಯುತ್ತವೆ. ಆದರೆ ಮುಂದಿನ ಅಪಾಯದ ಮುನ್ಸೂಚನೆ ಅವೇ.

ಬ್ರಿಟನ್ನಿನಲ್ಲಿ ಈ ಚರ್ಚೆಗೆ ತಿರುವು ಕೊಟ್ಟದ್ದು ವಿಕ್ಟೋರಿಯಾ ಕ್ಲಿಂಬಿ ಪ್ರಕರಣ. ಐವರಿ ಕೋಸ್ಟ್‌ನಲ್ಲಿ ಹುಟ್ಟಿ ಹತ್ತಿರದ ಬಂಧುವಿನ ಜೊತೆ ಲಂಡನ್ನಿಗೆ ಬಂದಿದ್ದ ಈ ಹುಡುಗಿಯನ್ನು 1999ರ ಜುಲೈನಲ್ಲಿ ಸೆಂಟ್ರಲ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ತಂದಾಗ ಮೊದಲು ನೋಡಿದ ವೈದ್ಯರಿಗೆ ಇದು ಅಪಘಾತದ ಗಾಯವಲ್ಲ ಎಂಬ ಅನುಮಾನ ಬಂದಿತ್ತು. ಹಿರಿಯ ತಜ್ಞರು ಅದನ್ನು ಕಜ್ಜಿ ಎಂದು ತೀರ್ಮಾನಿಸಿದರು, ಮಗು ಮನೆಗೆ ಮರಳಿತು. ಕೆಲವೇ ದಿನಗಳಲ್ಲಿ ಅವಳು ಮುಖ ತಲೆಗೆ ಬಿಸಿನೀರಿನ ಸುಟ್ಟ ಗಾಯಗಳೊಂದಿಗೆ ನಾರ್ತ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಸೇರಿದಳು. ಕಜ್ಜಿಯ ತುರಿಕೆ ತಾಳದೆ ತಾನೇ ನೀರು ಸುರಿದುಕೊಂಡಳು ಎಂಬ ವಿವರಣೆ ಬಂತು. 2000ದ ಫೆಬ್ರವರಿಯಲ್ಲಿ ಎಂಟು ವರ್ಷದ ವಿಕ್ಟೋರಿಯಾ ಸತ್ತಾಗ ಮೈಮೇಲೆ 128 ಗಾಯದ ಗುರುತುಗಳಿದ್ದವು. ಲಾರ್ಡ್ ಲೇಮಿಂಗ್ ಅವರ ತನಿಖಾ ವರದಿ 2003ರಲ್ಲಿ 108 ಶಿಫಾರಸುಗಳನ್ನು ಮುಂದಿಟ್ಟಿತು. ಒಬ್ಬ ವೈದ್ಯರ ಅನುಮಾನ ಇನ್ನೊಬ್ಬರ ತೀರ್ಮಾನದಲ್ಲಿ ಕರಗಿಹೋಗದಂತೆ ದಾಖಲಿಸಬೇಕು ಎಂಬುದು ಅದರ ಮುಖ್ಯ ಕಾಳಜಿಗಳಲ್ಲಿ ಒಂದು.

ಆರು ಪ್ರಶ್ನೆಗಳು

ಪ್ರಶ್ನಾವಳಿಯನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ ದೇಶ ನೆದರ್‌ಲ್ಯಾಂಡ್ಸ್. ಅಲ್ಲಿ ಸ್ಪುಟೊವಾಮೊ ಎಂಬ ಪಟ್ಟಿ ಮೊದಲೇ ಬಳಕೆಯಲ್ಲಿತ್ತು. ಅನಂತರ ಎವೆಲಿನ್ ಲೌವರ್ಸ್ ಮತ್ತು ಸಂಗಡಿಗರು 'ಎಸ್ಕೇಪ್' ಎಂಬ ಆರು ಪ್ರಶ್ನೆಗಳ ಸಾಧನವನ್ನು ರೂಪಿಸಿದರು. ಮನೆಯವರು ಹೇಳುವ ಮಾತು ಒಂದಕ್ಕೊಂದು ಹೊಂದುತ್ತದೆಯೇ? ಆಸ್ಪತ್ರೆಗೆ ತರಲು ಕಾರಣವಿಲ್ಲದೆ ತಡ ಮಾಡಿದರೇ? ಗಾಯವಾದ ರೀತಿ ಮಗುವಿನ ಬೆಳವಣಿಗೆಗೆ ಸರಿಹೊಂದುತ್ತದೆಯೇ? ಮಗು ಮತ್ತು ಪೋಷಕರ ನಡವಳಿಕೆ ಸಹಜವಾಗಿದೆಯೇ? ಮುಡಿಯಿಂದ ಅಡಿಯವರೆಗೆ ಪರೀಕ್ಷಿಸಿದಾಗ ಕಂಡದ್ದು ಹೇಳಿದ ಮಾತಿಗೆ ತಾಳೆಯಾಗುತ್ತದೆಯೇ? ಮಗುವಿನ ಅಥವಾ ಮನೆಯ ಬೇರೆಯವರ ಸುರಕ್ಷತೆಯ ಬಗ್ಗೆ ಸಂಶಯ ಹುಟ್ಟಿಸುವ ಇನ್ನೇನಾದರೂ ಇದೆಯೇ?

ಮೂರನೆಯ ಪ್ರಶ್ನೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಇನ್ನೂ ಮಗ್ಗುಲು ಮಗುಚದ ಎರಡು ತಿಂಗಳ ಕೂಸು 'ತಾನೇ ಉರುಳಿ ಸೋಫಾದಿಂದ ಬಿತ್ತು' ಎಂದು ಮನೆಯವರು ಹೇಳಿದರೆ ಉತ್ತರ 'ಇಲ್ಲ' ಎಂದಾಗುತ್ತದೆ. ನಡೆಯಲು ಕಲಿಯುತ್ತಿರುವ ಮಗುವಿನ ಮೊಣಕಾಲಿನ ತರಚು ಯಾರಲ್ಲೂ ಸಂಶಯ ಹುಟ್ಟಿಸುವುದಿಲ್ಲ.

2008ರಿಂದ 2009ರವರೆಗೆ ಏಳು ಡಚ್ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ 1,04,028 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ತಪಾಸಣೆಯ ಪ್ರಮಾಣ ಶೇ 20ರಿಂದ ಶೇ 67ಕ್ಕೆ ಏರಿತು. ದಾದಿಯರಿಗೆ ಕೊಟ್ಟ ತರಬೇತಿ ಮತ್ತು ಆರೋಗ್ಯ ಇಲಾಖೆಯ ತಪಾಸಣಾಧಿಕಾರಿಗಳ ಒತ್ತಾಯ ಎರಡೂ ಇದಕ್ಕೆ ನೆರವಾದವು. ತಪಾಸಣೆಗೆ ಒಳಗಾದವರಲ್ಲಿ ಶೇ 0.5ರಷ್ಟು ಮಕ್ಕಳ ಬಗ್ಗೆ ದೌರ್ಜನ್ಯದ ಅನುಮಾನ ದಾಖಲಾಯಿತು. ಉಳಿದವರಲ್ಲಿ ಅದು ಶೇ 0.1 ಮಾತ್ರ.

ಹೇಗ್ ನಗರದಲ್ಲಿ 2007ರಲ್ಲಿ ಇನ್ನೊಂದು ದಾರಿ ತೆರೆಯಿತು. ತುರ್ತು ವಿಭಾಗದ ದಾದಿ ಹೆಸ್ಟರ್ ಡಿಡೆರಿಕ್ ಮುನ್ನಡೆಸಿದ ಈ ಕ್ರಮದಲ್ಲಿ ನೋಡುವುದು ಮಗುವನ್ನಲ್ಲ, ದೊಡ್ಡವರನ್ನು. ಸಂಗಾತಿಯ ಹೊಡೆತ, ಆತ್ಮಹತ್ಯಾ ಯತ್ನ, ತೀವ್ರ ಮಾನಸಿಕ ಕಾಯಿಲೆ, ಮದ್ಯ ಅಥವಾ ಮಾದಕ ವಸ್ತುವಿನ ಅಮಲು ಎಂದು ಬಂದವರನ್ನು 'ಮನೆಯಲ್ಲಿ ಮಕ್ಕಳಿದ್ದಾರೆಯೇ?' ಎಂದು ಕೇಳಲಾಗುತ್ತದೆ. ಹೀಗೆ ವರದಿಯಾದ ಪ್ರಕರಣಗಳಲ್ಲಿ ಶೇ 91ರಷ್ಟು ವಿಚಾರಣೆಯಲ್ಲಿ ಖಚಿತವಾದವು. 2013ರ ಜುಲೈ 1ರಿಂದ ಜಾರಿಗೆ ಬಂದ ಡಚ್ ಕಾನೂನಿನ ಹೊತ್ತಿಗೆ ಈ ವಿಚಾರಣೆ ದೇಶದ ಪದ್ಧತಿಯಲ್ಲಿ ಸೇರಿಹೋಯಿತು.

ಪೆಟ್ಟಿನ ಕಲೆ ಹೇಳುವುದು

ಅಮೆರಿಕದಲ್ಲಿ ಒತ್ತು ಬಿದ್ದದ್ದು ಚರ್ಮದ ಮೇಲಿನ ಗುರುತುಗಳಿಗೆ. ಮೇರಿ ಕ್ಲೈಡ್ ಪಿಯರ್ಸ್ 2010ರಲ್ಲಿ ಮುಂದಿಟ್ಟ 'ಟೆನ್-4' ಸೂತ್ರದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕುತ್ತಿಗೆಯ ಮೇಲೆ ಪೆಟ್ಟಿನ ಕಲೆ ಇದ್ದರೆ, ಇಲ್ಲವೇ ನಾಲ್ಕು ತಿಂಗಳೊಳಗಿನ ಕೂಸಿನ ಮೈಮೇಲೆ ಎಲ್ಲೇ ಇದ್ದರೂ ಎಚ್ಚರ ವಹಿಸಬೇಕು. ಓಡಿ ಆಡುವ ಮಗು ಬಿದ್ದರೆ ಪೆಟ್ಟಾಗುವುದು ಹಣೆಗೆ, ಮೊಣಕಾಲಿಗೆ. ಕಿವಿಗೆ ಆಗುವುದು ಅಪರೂಪ. 2021ರಲ್ಲಿ ದವಡೆಯ ಮೂಲೆ, ಕೆನ್ನೆ, ರೆಪ್ಪೆ, ತುಟಿಯ ಒಳಪಟ್ಟಿ, ಕೈಬೆರಳು ಅಥವಾ ಬೆಲ್ಟಿನ ಆಕಾರದ ಗುರುತು ಮುಂತಾದವು ಸೇರಿ ಸೂತ್ರ ಹಿಗ್ಗಿತು. ಪೆಟ್ಟಿನ ಕಲೆಗಳಿದ್ದ 2,161 ಮಕ್ಕಳಲ್ಲಿ ಪರೀಕ್ಷಿಸಿದಾಗ ದೌರ್ಜನ್ಯಕ್ಕೆ ಒಳಗಾದವರಲ್ಲಿ ಶೇ 95ರಷ್ಟನ್ನು ಅದು ಗುರುತಿಸಿತು.

ಮಿತಿಗಳು ಮತ್ತು ಟೀಕೆ

ಹುಡುಕುವ ಸಂಗತಿ ವಿರಳವಾಗಿದ್ದಾಗ ಒಳ್ಳೆಯ ಸಾಧನವೂ ತಪ್ಪು ಅನುಮಾನಗಳನ್ನೇ ಹೆಚ್ಚು ಹುಟ್ಟಿಸುತ್ತದೆ. ಲೌವರ್ಸ್ ಅವರ ತಂಡವೇ 2014ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಭರ್ತಿಯಾದ 18,275 ಎಸ್ಕೇಪ್ ಪ್ರಶ್ನಾವಳಿಗಳಲ್ಲಿ 420 ಅನುಮಾನ ಸೂಚಿಸಿದವು. ತಜ್ಞರು ದೌರ್ಜನ್ಯ ಇರಬಹುದು ಎಂದದ್ದು 55 ಮಕ್ಕಳ ವಿಷಯದಲ್ಲಿ. ಅವರಲ್ಲಿ 44 ಮಂದಿ ಆ 420ರೊಳಗೆ ಇದ್ದರು, 11 ಮಂದಿ ಕೈತಪ್ಪಿದ್ದರು. ಅಂದರೆ ಅನುಮಾನಕ್ಕೆ ಸಿಕ್ಕ ಹತ್ತು ಕುಟುಂಬಗಳಲ್ಲಿ ಸುಮಾರು ಒಂಬತ್ತು ನಿರಪರಾಧಿಗಳು. ಬ್ರಿಟನ್ನಿನಲ್ಲಿ 2008ರಲ್ಲಿ ನಡೆದ ಅಧ್ಯಯನಗಳ ಸಮಗ್ರ ಪರಾಮರ್ಶೆಯೂ ಅಂದಿನ ಸಾಧನಗಳ ಸಾಮರ್ಥ್ಯದ ಬಗ್ಗೆ ಉತ್ಸಾಹ ತೋರಲಿಲ್ಲ.

ವೈದ್ಯರ ಪೂರ್ವಗ್ರಹವೂ ಇಲ್ಲಿ ಸೇರಿಕೊಳ್ಳುತ್ತದೆ. ಒಂದೇ ಬಗೆಯ ಮುರಿತಕ್ಕೆ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಮಕ್ಕಳನ್ನು ಹೆಚ್ಚಾಗಿ ದೌರ್ಜನ್ಯದ ಪರೀಕ್ಷೆಗೆ ಒಳಪಡಿಸುತ್ತಾರೆ ಎಂದು 2002ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಭಾರತೀಯ ಶಿಶುಗಳ ಬೆನ್ನಿನ ಕೆಳಭಾಗದಲ್ಲಿ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆ ಅದನ್ನು ಕಂಡರಿಯದವರಿಗೆ ಪೆಟ್ಟಿನ ಕಲೆಯಂತೆ ಕಾಣಬಹುದು. ಪೆಟ್ಟಿನ ಕಲೆ ದಿನ ಕಳೆದಂತೆ ಬಣ್ಣ ಬದಲಿಸುತ್ತದೆ, ಮಚ್ಚೆ ಹಾಗೆಯೇ ಇರುತ್ತದೆ. ಅದಕ್ಕೇ ಮಚ್ಚೆಯನ್ನು ಹುಟ್ಟಿದಾಗಲೇ ದಾಖಲಿಸಿಡುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಗಳನ್ನೂ ತಳ್ಳಿಹಾಕಿದ ಮೇಲಷ್ಟೇ ಮುಂದಿನ ಹೆಜ್ಜೆ ಇಡಬೇಕು.

ಭಾರತದಲ್ಲಿ

1098 ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಪ್ರತಿ ಮೂವರಲ್ಲಿ ಇಬ್ಬರು ದೈಹಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೆಯ ಕಲಂ, ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ವೈದ್ಯರೂ ಇದಕ್ಕೆ ಹೊರತಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ.

ಹೊಡೆತ, ಸುಟ್ಟ ಗಾಯ, ವಿಷಪ್ರಾಶನದಂಥವು ಸರ್ಕಾರಿ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ಎಂಎಲ್‌ಸಿ (ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣ) ರಿಜಿಸ್ಟರಿನ ಮೂಲಕ ಪೊಲೀಸರ ಗಮನಕ್ಕೆ ಹೋಗುತ್ತವೆ. ಆದರೆ ಬಿದ್ದು ಪೆಟ್ಟಾಯಿತು ಎಂದು ಮನೆಯವರು ಹೇಳಿದ್ದನ್ನು ಒಪ್ಪಿಕೊಂಡರೆ ರಿಜಿಸ್ಟರು ತೆರೆಯುವ ಪ್ರಮೇಯವೇ ಬರದಿರಬಹುದು. ಊಟ, ಲಸಿಕೆ, ಔಷಧ ಸರಿಯಾಗಿ ಸಿಗದ ಮಗುವಿನ ನಿರ್ಲಕ್ಷ್ಯವಂತೂ ಅದರಲ್ಲಿ ಸುಲಭಕ್ಕೆ ಮೂಡುವುದಿಲ್ಲ. ಪೋಕ್ಸೊದ ಹೊಣೆ ಶುರುವಾಗುವುದು ಅಪರಾಧ ನಡೆದದ್ದು ತಿಳಿದ ಮೇಲೆ. ಅನುಮಾನ ಹುಟ್ಟಿಸುವ ಪ್ರಶ್ನೆಗಳನ್ನು ಪ್ರತಿ ಮಗುವಿಗೂ ಕೇಳಬೇಕೆಂದು ಆ ಕಾಯ್ದೆ ವಿಧಿಸುವುದಿಲ್ಲ.