ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಯಾರು? ಆಸ್ಪತ್ರೆಯ ಗುಣಮಟ್ಟ ಅಳೆಯುವುದು ಹೀಗೆ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆ ದಿನಾ ಸುದ್ದಿಯಲ್ಲಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬ ವರದಿ ಬಂದ ಮೇಲೆ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯೇ ಕಾರಣ ಅಂತ ಒಂದು ಗುಂಪು, ಅಲ್ಲ ಅಂತ ಇನ್ನೊಂದು ಗುಂಪು ಕಿತ್ತಾಡಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಸಾವುಗಳನ್ನು ಪರಿಶೀಲಿಸಿ, ಹಠಾತ್ ಏರಿಕೆ ಕಂಡುಬಂದಿಲ್ಲ ಎಂದಿತು. ಚಾನೆಲ್‌ಗಳು ಮುಂದಿನ ಸುದ್ದಿಗೆ ಹೋದವು.

ಆ ಗದ್ದಲದಲ್ಲಿ ಒಂದು ಸರಳ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳಲಿಲ್ಲ. ಹಳೇಬೀಡಿನ ಪಕ್ಕದ ಹುಲಿಕೆರೆಯನ್ನೇ ತಗೊಳ್ಳಿ. ಹೊಯ್ಸಳರ ಕಾಲದ ಕಲ್ಯಾಣಿಗೆ ಹೆಸರಾದ ಊರು. ಅಲ್ಲಿನ ರೈತನೊಬ್ಬನಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಬೇಲೂರಿನ ತಾಲ್ಲೂಕು ಆಸ್ಪತ್ರೆಗೋ ಹಾಸನಕ್ಕೋ ಓಡಬೇಕು. ಅಲ್ಲಿ ಮುಟ್ಟಿದ ಮೇಲೆ ಎಷ್ಟು ನಿಮಿಷದಲ್ಲಿ ಇಸಿಜಿ ತೆಗೆಯುತ್ತಾರೆ? ತೆಗೆಯುವವರು ಯಾರು?

ಆರೋಗ್ಯ ಸೇವೆಯ ಗುಣಮಟ್ಟ ಅಂದರೆ ಮೂಲದಲ್ಲಿ ಇದೇ.

ಹತ್ತು ನಿಮಿಷದ ನಿಯಮ

ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿರುವ ಮಾನದಂಡ. ರಕ್ತನಾಳ ಕಟ್ಟಿಕೊಂಡಿದೆ ಅಂತ ಗೊತ್ತಾದರೆ, ಆಂಜಿಯೋಪ್ಲಾಸ್ಟಿ ಸೌಲಭ್ಯ ದೂರವಿರುವ ಕಡೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ರಾಜ್ಯದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ನಿಂತಿರುವುದು ಇದೇ ಲೆಕ್ಕದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತ. ಯೋಜನೆ ಚೆನ್ನಾಗಿದೆ. ಆದರೆ ಎಲೆಕ್ಟ್ರೋಡ್ ಅಂಟಿಸಬೇಕಾದದ್ದು, ಇಂಜೆಕ್ಷನ್ ಆದ ಮೇಲೆ ಬಿಪಿ ನೋಡುತ್ತಾ ಪಕ್ಕದಲ್ಲಿರಬೇಕಾದದ್ದು ಒಬ್ಬ ಮನುಷ್ಯ. ರಾತ್ರಿ ಪಾಳಿಯಲ್ಲಿ ಆ ಮನುಷ್ಯ ಸಾಮಾನ್ಯವಾಗಿ ನಾವು 'ಸಿಸ್ಟರ್' ಅಂತ ಕರೆಯುವ ನರ್ಸ್. ಸರ್ಕಾರಿ ಕಡತದಲ್ಲಿ ಅವರ ಹೆಸರು ಶುಶ್ರೂಷಾಧಿಕಾರಿ.

ಮಾನದಂಡಗಳು ಎಷ್ಟು ಬಗೆ?

ಇವನ್ನು ಒಂದಕ್ಕೊಂದು ಬೆರೆಸಿಬಿಡುತ್ತೇವೆ. ಬಿಡಿಸಿಕೊಂಡರೆ ನಾಲ್ಕು.

ಮೊದಲನೆಯದು ಐಪಿಎಚ್ಎಸ್, ಅಂದರೆ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು. 2007ರಲ್ಲಿ ಬಂದವು, 2012 ಮತ್ತು 2022ರಲ್ಲಿ ಪರಿಷ್ಕರಣೆಯಾದವು. ಯಾವ ಹಂತದ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ಸಿಬ್ಬಂದಿ, ಯಾವ ಔಷಧಿ ಇರಬೇಕು ಅಂತ ಇವು ಹೇಳುತ್ತವೆ.

ಎರಡನೆಯದು ಎನ್‌ಕ್ಯೂಎಎಸ್, ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು. ಇರುವ ಜನ ಕೆಲಸ ಹೇಗೆ ಮಾಡುತ್ತಾರೆ ಅನ್ನುವುದನ್ನು ಇದು ನೋಡುತ್ತದೆ: ರೋಗಿಯ ಹಕ್ಕು, ಸೋಂಕು ನಿಯಂತ್ರಣ, ಚಿಕಿತ್ಸೆ, ಫಲಿತಾಂಶ ಸೇರಿ ಎಂಟು ವಿಭಾಗ. ಪರಿಶೀಲಕರು ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ತೆಗೆಸುತ್ತಾರೆ, ರೋಗಿಗಳನ್ನೂ ಮಾತಾಡಿಸುತ್ತಾರೆ. ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ. ರಾಷ್ಟ್ರೀಯ ಪ್ರಮಾಣಪತ್ರ ಸಿಗಲು ಸಾಮಾನ್ಯವಾಗಿ ಶೇ. 70 ಬೇಕು. ಪತ್ರದ ಅವಧಿ 3 ವರ್ಷ. ಹೆರಿಗೆ ಕೋಣೆಗೆ ಮೀಸಲಾದ 'ಲಕ್ಷ್ಯ' 2017ರಲ್ಲೂ, ಸ್ವಚ್ಛತೆಯ 'ಕಾಯಕಲ್ಪ' 2015ರಲ್ಲೂ ಶುರುವಾದವು.

ಮೂರನೆಯದು ಖಾಸಗಿಯವರಿಗೆ: ಕೆಪಿಎಂಇ ಕಾಯ್ದೆ, 2007. ನೋಂದಣಿ ಕಡ್ಡಾಯ, ದರಪಟ್ಟಿ ಹಾಕಲೇಬೇಕು. 2017ರ ತಿದ್ದುಪಡಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು, ಬೆಳಗಾವಿ ಅಧಿವೇಶನ ಕಾವೇರಿದ್ದು ನೆನಪಿರಬಹುದು. ಕೊನೆಗೆ ಮಸೂದೆ ಮೆದುವಾಗಿ ಪಾಸಾಯಿತು. ಆದರೂ ರೋಗಿಗಳ ಹಕ್ಕಿನ ಸನ್ನದು ಮತ್ತು ಜಿಲ್ಲಾಧಿಕಾರಿ ಅಧ್ಯಕ್ಷತೆಯ ದೂರು ಪ್ರಾಧಿಕಾರ ಉಳಿದುಕೊಂಡವು.

ನಾಲ್ಕನೆಯದು ವೃತ್ತಿಯ ನಿಯಂತ್ರಣ. ಕೆಲಸ ಮಾಡುವ ಪ್ರತಿ ನರ್ಸ್ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ತಂದಿದೆ. ದೇಶಕ್ಕೆಲ್ಲ ಒಂದೇ ಆನ್‌ಲೈನ್ ನೋಂದಣಿ ಪಟ್ಟಿ ಅದರ ಭಾಗ.

ಲೆಕ್ಕ ತಪ್ಪುವುದು ಎಲ್ಲಿ?

ಬೋಧಕೇತರ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ನರ್ಸಿಂಗ್ ಕೌನ್ಸಿಲ್ ಹೇಳುವ ಅನುಪಾತ. ಕೇಳಲು ಚೆಂದ. ಇದನ್ನು ಒಟ್ಟು ನೇಮಕಾತಿಯ ಲೆಕ್ಕವಾಗಿ ಓದಿದರೆ ಏನಾಗುತ್ತದೆ ನೋಡಿ. 30 ಹಾಸಿಗೆಗೆ 6 ಮಂದಿ. ಮೂರು ಪಾಳಿಗೆ ಹಂಚಿದರೆ ತಲಾ ಇಬ್ಬರು. ವಾರದ ರಜೆ, ಹೆರಿಗೆ ರಜೆ, ತರಬೇತಿ ಕಳೆದರೆ ರಾತ್ರಿ 30 ಜನಕ್ಕೆ ಒಬ್ಬರು ಉಳಿದರೂ ಆಶ್ಚರ್ಯವಿಲ್ಲ. ಅದೂ ಎಲ್ಲ ಹುದ್ದೆ ಭರ್ತಿಯಾಗಿದ್ದರೆ.

ಆ ಒಬ್ಬರಿಗೇ ಹೆರಿಗೆ ಕೇಸೂ ಬರುತ್ತದೆ, ಎದೆನೋವೂ ಬರುತ್ತದೆ. ಎರಡು ರೋಗಿಗಳ ನಡುವೆ ಕೈ ತೊಳೆಯಬೇಕು, ಔಷಧಿಯ ಬ್ಯಾಚ್ ನಂಬರ್ ಬರೆಯಬೇಕು, ಬಿಪಿ ಚಾರ್ಟ್ ತುಂಬಬೇಕು. ಸಮಯ ಸಾಲದಾಗ ಮೊದಲು ಬಿಟ್ಟುಹೋಗುವುದು ಇವೇ. ಬೆಳಿಗ್ಗೆ ಕುಳಿತು ಚಾರ್ಟನ್ನು ಒಟ್ಟಿಗೆ ತುಂಬಿದರೆ ದಾಖಲೆಯಲ್ಲಿ ಅಂಕ ಬರುತ್ತದೆ, ರೋಗಿಗೆ ಆರೈಕೆ ಸಿಕ್ಕಿರುವುದಿಲ್ಲ.

ಇದರ ಮೇಲೆ ಒಳಗುತ್ತಿಗೆ. 2023ರ ಆರಂಭದಲ್ಲಿ ಎನ್‌ಎಚ್‌ಎಂ ನೌಕರರು ಕಾಯಂ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಾರಗಟ್ಟಲೆ ಕೂತರು. ಖಾಸಗಿಯಲ್ಲಿ, ಸುಪ್ರೀಂ ಕೋರ್ಟ್‌ನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂ. ಸಂಬಳ ಕೊಡಬೇಕು ಎಂದು ಶಿಫಾರಸು ಮಾಡಿತ್ತು. ಶಿಫಾರಸು ತಾನಾಗಿಯೇ ಕಾನೂನಾಗುವುದಿಲ್ಲ. ಅನುಭವ ಬಂದ ನರ್ಸ್ ವಿದೇಶಕ್ಕೆ ಹೊರಟರೆ ತಪ್ಪು ಅವರದ್ದೇ?

ಬಳ್ಳಾರಿ ಹೇಳಿದ್ದು

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅನುಮಾನ ಹೋದದ್ದು ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವಕ್ಕೆ ಪಾಸ್ ಕೊಟ್ಟಿತ್ತು. ನಂತರ ರಾಜ್ಯ ಸರ್ಕಾರ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳಲ್ಲಿ ಸುಮಾರು ಶೇ. 70ರಷ್ಟನ್ನು ತಡೆಯಬಹುದಿತ್ತು ಎಂಬುದು ಅದರ ತೀರ್ಮಾನ.

ವಾರ್ಡಿನಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ಬಾಟಲಿಯೇ ಕೆಟ್ಟದ್ದಾದರೆ ಸಿಸ್ಟರ್ ಏನು ಮಾಡಬೇಕು? ಮೊದಲ ರೋಗಿಗೆ ಚಳಿ ನಡುಕ ಬಂದಾಗಲೇ "ಈ ಬ್ಯಾಚ್ ನಿಲ್ಲಿಸಿ" ಅಂತ ಹೇಳುವ ಅಧಿಕಾರ ಅವರಿಗಿರಬೇಕು. ಹೇಳಿದರೆ ನೋಟಿಸ್ ಬರುವುದಿಲ್ಲ ಎಂಬ ಧೈರ್ಯವೂ ಬೇಕು. ಪ್ರತಿ ದುರಂತದ ಕೊನೆಗೆ ಕೆಳಗಿನವರನ್ನು ಅಮಾನತು ಮಾಡುವ ನಮ್ಮ ಪದ್ಧತಿ ಈ ಧೈರ್ಯವನ್ನೇ ಕೊಲ್ಲುತ್ತದೆ.

ನೀವು ಕೇಳಬಹುದಾದದ್ದು

ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಹಾಕಿ. ಮಂಜೂರಾದ ನರ್ಸ್ ಹುದ್ದೆ ಎಷ್ಟು, ಭರ್ತಿ ಎಷ್ಟು, ಅದರಲ್ಲಿ ಕಾಯಂ ಎಷ್ಟು? ಕಳೆದ ತಿಂಗಳ ರಾತ್ರಿ ಪಾಳಿಯ ಡ್ಯೂಟಿ ಪಟ್ಟಿ ಏನು ಹೇಳುತ್ತದೆ? ಎನ್‌ಕ್ಯೂಎಎಸ್ ಪರಿಶೀಲನೆಯಲ್ಲಿ ಯಾವ ಅಂಶಕ್ಕೆ 0 ಬಂತು, ಅದನ್ನು ಸರಿಪಡಿಸಲು ಏನು ಮಾಡಿದಿರಿ? ಖಾಸಗಿ ಆಸ್ಪತ್ರೆಯಾದರೆ ಬಾಗಿಲಲ್ಲೇ ಕೆಪಿಎಂಇ ನೋಂದಣಿ ಸಂಖ್ಯೆಯ ಫಲಕ ನೋಡಿ. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ದರಪಟ್ಟಿ ಇಲ್ಲದಿದ್ದರೆ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಿ.

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಬಗ್ಗೆ ಜಗಳ ಮಾಡುತ್ತೇವೆ. ಶಾಸಕರು ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡಿದರೆ ಫೋಟೊ ಹಂಚಿಕೊಳ್ಳುತ್ತೇವೆ. ಮುಂದಿನ ಸಲ ಅದೇ ಶಾಸಕರಿಗೆ ಇದನ್ನೂ ಕೇಳೋಣ: ಈ ಕಟ್ಟಡದಲ್ಲಿ ರಾತ್ರಿ ಎಷ್ಟು ಜನ ನರ್ಸ್ ಇರುತ್ತಾರೆ? ಹುಲಿಕೆರೆಯಿಂದ ಹೊರಟ ಆ ರೈತ ಬದುಕುವುದೋ ಇಲ್ಲವೋ ಎಂಬುದು ಬಹುಪಾಲು ಆ ಸಂಖ್ಯೆಯ ಮೇಲೆ ನಿಂತಿದೆ.