ಉಬ್ಬಸದ ಮದ್ದು ಬಂದ ದಾರಿ

ಉಬ್ಬಸ, ಗೂರಲು, ದಮ್ಮು, ಹೆಸರು ಯಾವುದಾದರೂ ಈ ಕಾಯಿಲೆಯ ಬಗ್ಗೆ ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಮಾತ್ರೆ ನುಂಗುವವರೆಗೆ ಚಿಂತೆಯಿಲ್ಲ, ಇನ್‌ಹೇಲರ್ ಕೈಗೆ ಬಂತೆಂದರೆ ಕಾಯಿಲೆ ಕೈಮೀರಿತು ಎಂಬುದು ಆ ನಂಬಿಕೆ. ಅದು ಪರದೇಶದ ಪದ್ಧತಿ, ಒಮ್ಮೆ ಹಿಡಿದರೆ ಬಿಡದು ಎಂಬ ಅಂಜಿಕೆಯೂ ಜೊತೆಗಿದೆ. ಉಬ್ಬಸದ ಚಿಕಿತ್ಸೆಯ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಮದ್ದನ್ನು ಉಸಿರಿನ ಜೊತೆ ಒಳಗೆಳೆದುಕೊಳ್ಳುವುದು ನಮ್ಮ ನೆಲದ ಹಳೆಯ ಪದ್ಧತಿ. ತಪ್ಪು ನಡೆದದ್ದು ದಾರಿಯಲ್ಲಲ್ಲ, ತಾತ್ಕಾಲಿಕ ಉಪಶಮನವನ್ನೇ ಚಿಕಿತ್ಸೆಯೆಂದು ತಿಳಿದದ್ದರಲ್ಲಿ.

ಚರಕ ಸಂಹಿತೆ ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ತಮಕ ಶ್ವಾಸದ ವರ್ಣನೆ ಇಂದಿನ ಆಸ್ತಮಾಕ್ಕೆ ತೀರ ಹತ್ತಿರ. ರೋಗಿಗೆ ಮಲಗಲಾಗದು, ಎದ್ದು ಕುಳಿತರೆ ಹಾಯೆನಿಸುತ್ತದೆ. ಕಫ ಹೊರಬಿದ್ದರೆ ಗಳಿಗೆಯ ನೆಮ್ಮದಿ. ಮೋಡ, ಚಳಿ, ಮೂಡಗಾಳಿಗೆ ಉಲ್ಬಣಿಸುತ್ತದೆ. ಧೂಳು, ಹೊಗೆಗಳನ್ನು ಕಾರಣಗಳ ಸಾಲಿನಲ್ಲಿ ಹೇಳಿದೆ. ಹೊಸದಾಗಿದ್ದರೆ ಗುಣವಾದೀತು, ಇಲ್ಲವಾದರೆ ಅದು ಯಾಪ್ಯ, ಎಂದರೆ ಚಿಕಿತ್ಸೆಯಿಂದ ಹತೋಟಿಯಲ್ಲಿಟ್ಟು ಬಾಳಬೇಕಾದ ಕಾಯಿಲೆ. ಚಿಕಿತ್ಸೆಗಳಲ್ಲಿ ಧೂಮಪಾನವೂ ಒಂದು. ಇದು ಬೀಡಿ ಸಿಗರೇಟಲ್ಲ. ಅರೆದ ಮೂಲಿಕೆಗಳನ್ನು ಜೊಂಡಿನ ಕಡ್ಡಿಗೆ ಹೆಬ್ಬೆರಳ ದಪ್ಪಕ್ಕೆ ಬಳಿದು, ಒಣಗಿದ ಮೇಲೆ ಕಡ್ಡಿಯನ್ನು ಎಳೆದು ತೆಗೆದು, ಉಳಿದ ಟೊಳ್ಳು ಬತ್ತಿಗೆ ತುಪ್ಪ ಸವರಿ, ಕೊಳವೆಗಿಟ್ಟು ಹೊತ್ತಿಸುವ ಕ್ರಮವನ್ನು ಅದೇ ಗ್ರಂಥದ ಸೂತ್ರಸ್ಥಾನ ವಿವರಿಸುತ್ತದೆ.

ಮುಂದೆ ಇಂಥದೇ ಒಂದು ಪದ್ಧತಿ ಕಡಲು ದಾಟಿತು. ಬೇಲಿಯಂಚಿನಲ್ಲಿ ಬೆಳೆಯುವ, ಮುಳ್ಳುಕಾಯಿಯ ಮದ್ದುಗುಣಿಕೆಯ ಜಾತಿಯ ಗಿಡವನ್ನು ಸುಟ್ಟು ಹೊಗೆ ಸೇದುವುದು ಮದ್ರಾಸಿನ ಕಡೆ ಉಬ್ಬಸಕ್ಕೆ ಮದ್ದಾಗಿತ್ತು. 1802ರ ಸುಮಾರಿಗೆ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಇದನ್ನು ಬ್ರಿಟನ್ನಿಗೆ ಒಯ್ದ. ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಅಂಗಡಿಗಳಲ್ಲಿ ‘ಆಸ್ತಮಾ ಸಿಗರೇಟು’ ಮಾರಾಟಕ್ಕಿತ್ತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಅದನ್ನು ಸೇದಿದವರಲ್ಲಿ ಒಬ್ಬ.

ಹಾಗಾದರೆ ಮದ್ದುಗುಣಿಕೆಗೇ ಮರಳಬಾರದೇಕೆ ಎಂದು ಕೇಳುವವರಿದ್ದಾರೆ. ಮರಳಬಾರದು. ಅದರಲ್ಲಿರುವ ಅಟ್ರೋಪಿನ್ ಶ್ವಾಸನಾಳವನ್ನು ಸಡಿಲಿಸುತ್ತದೆ ನಿಜ, ಆದರೆ ಪ್ರಮಾಣ ತುಸು ಮೀರಿದರೂ ಬುದ್ಧಿಭ್ರಮೆ, ಕೆಲವೊಮ್ಮೆ ಸಾವು. ಹೊಗೆಯಂತೂ ಶ್ವಾಸಕೋಶಕ್ಕೆ ಶತ್ರು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ನಾಳದ ಒಳಗೋಡೆಯ ಉರಿಯೂತವನ್ನು ಅದು ಮುಟ್ಟುವುದೇ ಇಲ್ಲ. ಅಳತೆಯ ಮದ್ದು ಹೊಮ್ಮಿಸುವ ಇನ್‌ಹೇಲರ್ 1956ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಾಗಲೂ ಈ ಕೊರತೆ ಉಳಿದೇ ಇತ್ತು. 1960ರ ದಶಕದಲ್ಲಿ ಬ್ರಿಟನ್ ಮೊದಲಾದೆಡೆ ಆಸ್ತಮಾ ಸಾವುಗಳು ಏರಿದಾಗ, ನಾಳ ತೆರೆಯುವ ಐಸೊಪ್ರೆನಲಿನ್‌ನ ತೀವ್ರ ಪ್ರಮಾಣದ ಪಂಪುಗಳ ಮೇಲೆ ಸಂಶಯ ಬಿತ್ತು. ಉರಿಯೂತವನ್ನೇ ತಗ್ಗಿಸುವ ಸ್ಟೀರಾಯ್ಡ್ ಮದ್ದಾದ ಬೆಕ್ಲೊಮೆಥಸೋನ್‌ನ ಇನ್‌ಹೇಲರ್ ಬಂದದ್ದು 1972ರಲ್ಲಿ.

ಸ್ಟೀರಾಯ್ಡ್ ಎಂದೊಡನೆ ಹೆದರುವವರಿಗೆ ಅಳತೆಯೇ ಉತ್ತರ. ಉಸಿರಿನ ದಾರಿಯಲ್ಲಿ ಮದ್ದು ನೇರವಾಗಿ ರೋಗದ ಜಾಗ ಸೇರುವುದರಿಂದ ಮಿಲಿಗ್ರಾಂ ಬದಲು ಮೈಕ್ರೋಗ್ರಾಂ ಸಾಕು. ನಾಳ ತೆರೆಯುವ ಮದ್ದಾದ ಸಾಲ್ಬುಟಮಾಲ್‌ನ 2 ಮಿಲಿಗ್ರಾಂ ಮಾತ್ರೆಯಲ್ಲಿರುವುದು 100 ಮೈಕ್ರೋಗ್ರಾಮಿನ 20 ಪಫ್‌ಗಳಷ್ಟು ಮದ್ದು; ಸ್ಟೀರಾಯ್ಡಿಗೂ ಇದೇ ತರ್ಕ. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಗಂಟಲಿನ ತೊಂದರೆಯೂ ತಗ್ಗುತ್ತದೆ. ಇನ್‌ಹೇಲರ್ ಚಟ ಹಿಡಿಸುತ್ತದೆ ಎನ್ನುವವರು ಯಾಪ್ಯ ಎಂಬ ಹಳೆಯ ಮಾತನ್ನು ನೆನೆಯಲಿ: ದಿನವೂ ಬೇಕಾಗುವುದು ಕಾಯಿಲೆಯ ಸ್ವಭಾವದಿಂದ, ಮದ್ದಿನ ಮೋಹದಿಂದಲ್ಲ. ಬರೀ ನಾಳ ತೆರೆಯುವ ಪಂಪನ್ನೇ ನೆಚ್ಚಿಕೊಳ್ಳಬಾರದೆಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಮನೆಯಲ್ಲಿ ಉಬ್ಬಸದವರಿದ್ದರೆ ಇನ್‌ಹೇಲರನ್ನು ಮುಚ್ಚಿಡಬೇಡಿ, ಉಸಿರು ಹಗುರಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂ ಬೇಡಿ.